ಮಾಯಾವಿಯ ಹತ್ತಿರ ಚೌಕಾಸಿ ಮಾಡಿದ ಬಳೆ ಚಿಕ್ಕತಾಯಿ

ಈ ಕತೆಯಲ್ಲಿ ಬರುವ ಒಂದೊಂದು ಮಾತೂ ನಿಜ. ನನ್ನ ಎಡಗಡೆ ಮೀಸೆಯ ಮೇಲಾಣೆ. ಬಲಗಡೆಯದನ್ನು ಹೋದ ವರ್ಷ ಇನ್ನೊಂದು ಕತೆಗೆ ಆಣೆಯಿಟ್ಟುಬಿಟ್ಟೆ, ಅದಕ್ಕೇ ಅದು ಸ್ವಲ್ಪ ತೆಳುವಾಗಿದೆ. ನನ್ನಂಥ ಸತ್ಯವಂತ ಸುತ್ತ ಏಳೂರಲ್ಲಿ ಸಿಗುವುದಿಲ್ಲ. ಎಂಟನೇ ಊರಿನಲ್ಲಿ ಒಬ್ಬನಿದ್ದ, ಅವನೂ ನನ್ನ ಶಿಷ್ಯನೇ.

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಹವಳಾಪುರ ಎಂಬ ರಾಜ್ಯವಿತ್ತು. ಅದರ ನಡುಮಧ್ಯೆ ದೊಡ್ಡಂಗಡಿ ಬೀದಿ. ನೂರೊಂದು ಅಂಗಡಿ. ಅಲ್ಲಿ ಎಂಥ ಜನ ಅಂದರೆ, ಈ ತುದಿಯಲ್ಲಿ ಸೀನು ಬಂದವನು ಕತ್ತೆತ್ತಲು ಜಾಗವಿಲ್ಲದೆ ಆ ತುದಿಗೆ ಹೋಗಿ ಸೀನಬೇಕಿತ್ತು. ನನ್ನ ಮುತ್ತಜ್ಜನೇ ಹಾಗೆ ಎರಡು ಸಲ ಸೀನಿದ್ದಾನೆ.

ಆಮೇಲೆ ಬೀದಿಗೆ ವಯಸ್ಸಾಯಿತು. ಹಾಸುಗಲ್ಲು ಕುಸಿಯಿತು. ಚರಂಡಿ ಕಟ್ಟಿಕೊಂಡು ನಾತ ಎದ್ದಿತು. ಅದು ಸಾಲದು ಅಂತ ಹೊಳೆಯಾಚೆ ಕಾಳಜಂಘನೆಂಬ ಮಾಯಾವಿ ಗಾಜಿನ ಮಹಲು ಕಟ್ಟಿದ. ಅಲ್ಲಿ ಸೀರೆ ಬೇಕು ಅಂದುಕೊಂಡರೆ ಸಾಕು, ಸೀರೆಯೇ ಹಾರಿಬಂದು ಚೀಲದೊಳಗೆ ಮಡಚಿಕೊಂಡು ಕೂರುತ್ತಿತ್ತು. ಯಾವ ಸಾಮಾನಾದರೂ ಒಂದೇ ಬೆಲೆ: ಒಂದು ನಗು. ಕೊಂಡವರ ನಗುವನ್ನು ಅವನು ಗಾಜಿನ ಭರಣಿಯಲ್ಲಿ ಮುಚ್ಚಿಡುತ್ತಿದ್ದ. ಜನ ಚೀಲ ತುಂಬಿಸಿಕೊಂಡು, ಮುಖ ಗಂಟು ಹಾಕಿಕೊಂಡು ಮನೆಗೆ ಬರುತ್ತಿದ್ದರು.

ಒಂದು ಬೆಳಗ್ಗೆ ರಾಜ ತುರಗವರ್ಮನ ರಥದ ಚಕ್ರ ದೊಡ್ಡಂಗಡಿ ಬೀದಿಯ ಹೊಂಡದಲ್ಲಿ ಸಿಕ್ಕಿಕೊಂಡಿತು. ರಾಜ ಮೂಗು ಹಿಡಿದುಕೊಂಡು ಇಳಿದ.

“ಮೂರು ದಿನದಲ್ಲಿ ಈ ಬೀದಿ ಕೆಡವಿ. ಜಾಗ ಕಾಳಜಂಘನಿಗೆ ಕೊಡಿ, ಇನ್ನೊಂದು ಮಹಲು ಕಟ್ಟಲಿ.”

ಬಳೆ ಅಂಗಡಿಯ ಚಿಕ್ಕತಾಯಿ ಎದ್ದು ಬಂದಳು. ಅವಳ ಅಜ್ಜಿ, ಅವಳ ಅಮ್ಮ, ಅವಳು, ಮೂವರೂ ಅದೇ ಜಗಲಿಯ ಮೇಲೆ ಕೂತು ಊರಿನ ಕೈಗಳಿಗೆ ಬಳೆ ತೊಡಿಸಿದವರು. ಬೇರೆ ಕೆಲಸ ಗೊತ್ತಿಲ್ಲ, ಬೇರೆ ಜಾಗವೂ ಇಲ್ಲ.

“ಮೂರು ದಿನ ಅಂದ್ರೆ ಹೇಗೆ ಬುದ್ಧಿ? ಮೂರು ತಿಂಗಳು ಕೊಡಿ, ನಾನೇ ಸರಿ ಮಾಡಿಸ್ತೀನಿ.”

“ಹತ್ತು ದಿನ.”

“ಎರಡು ತಿಂಗಳು. ಬೋಣಿ ಹೊತ್ತು, ಇಲ್ಲ ಅನ್ನಬೇಡಿ.”

“ಒಂದು ತಿಂಗಳು! ಅವತ್ತು ನಾನು ಬಂದಾಗ ಚಕ್ರ ಸಿಕ್ಕಬಾರದು, ನಾತ ಬರಬಾರದು, ಬೀದಿ ತುಂಬ ಜನ ಇರಬೇಕು. ಹೋಗು!” ಎಂದ ರಾಜ. ತಾನು ಯಾಕೆ ಒಪ್ಪಿದೆ ಅನ್ನುವುದು ಅರಮನೆಗೆ ಹೋದ ಮೇಲೂ ಅವನಿಗೆ ಹೊಳೆಯಲಿಲ್ಲ.

ಚಿಕ್ಕತಾಯಿ ಮೂಡಲಿಗೆ ನಡೆದಳು. ಅಲ್ಲಿ ಕೆರೆಯಷ್ಟು ಅಗಲದ ಒಂದು ಕಲ್ಲಾಮೆ, ಬೆಟ್ಟಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿತ್ತು. ಬೆನ್ನ ತುಂಬ ಚಪ್ಪಡಿ. ಒಂದು ಕಿತ್ತರೆ ಇನ್ನೊಂದು ಬೆಳೆಯುತ್ತದೆ.

“ಒಂದು ಬೀದಿಗಾಗುವಷ್ಟು ಚಪ್ಪಡಿಗೆ ಏನು ಬೆಲೆ?”

“ನಿನ್ನ ಎರಡು ಕಣ್ಣು.”

“ಎರಡಾ! ಅಂಚೆಲ್ಲ ಸವೆದಿದೆ, ಪಾಚಿ ಬೇರೆ. ಕಣ್ಣು ಕೊಟ್ಟು ತಗೊಂಡ್ರೆ, ತಂದಿದ್ದು ಚಪ್ಪಡಿನೋ ಹಪ್ಪಳನೋ ಅಂತ ನನಗೇ ಕಾಣಲ್ಲ.”

“ಹೋಗ್ಲಿ, ಒಂದು ಕಣ್ಣು.”

“ಬೇಡಪ್ಪ,” ಎಂದು ಅವಳು ತಿರುಗಿ ನಡೆದಳು. ಒಂದು ಹೆಜ್ಜೆ. ಎರಡು ಹೆಜ್ಜೆ. ಮೂರು ಹೆಜ್ಜೆ. ನಾಲ್ಕನೆಯದಕ್ಕೆ ಆಮೆ ಕೂಗಿತು: “ಏ, ಬಾಮ್ಮ ಇಲ್ಲಿ! ನೀನೇ ಒಂದು ಮಾತು ಹೇಳು.”

ಒಂದು ದಿನ ಪೂರ್ತಿ ಬೆನ್ನು ಕೆರೆಯುವುದು ಅಂತ ವ್ಯಾಪಾರ ಕುದುರಿತು. ಆಮೆ ತಾನೇ ನಡೆದುಬಂದು ಬೀದಿಯಲ್ಲಿ ಮೈ ಕೊಡವಿತು. ಚಪ್ಪಡಿಗಳು ಸಾಲಾಗಿ ಬಿದ್ದು ಕೂತವು.

ಆಮೇಲೆ ಚಿಕ್ಕತಾಯಿ ಪಡುವಲಿಗೆ ನಡೆದಳು. ಅಲ್ಲಿ ತಳವಿಲ್ಲದ ಬಾವಿ, ಬಾವಿಯಲ್ಲಿ ಏಳು ಹೆಡೆಯ ಹಾವು. ಅದು ನೆಲದೊಳಗೆ ಹರಿದ ಕಡೆಯೆಲ್ಲ ಕಾಲುವೆಯಾಗುತ್ತಿತ್ತು.

“ನಮ್ಮ ಬೀದಿ ಕೆಳಗೆ ಒಂದು ಸಲ ಹರಿದು ಹೋಗೋಕೆ ಏನು ತಗೋತೀಯ?”

“ನಿನ್ನ ನೆರಳು.”

“ನೆರಳಿಲ್ಲದವಳನ್ನ ಮದುವೆಮನೆಗೆ ಯಾರು ಕರೀತಾರೆ?”

“ಅರ್ಧ ನೆರಳು.”

“ಮೊಣಕಾಲಿಂದ ಕೆಳಗೆ ಮಾತ್ರ ನೆರಳಿದ್ರೆ ನಾಯಿಗಳು ಸುಮ್ನಿರ್ತಾವಾ? ಬೇಡ ಬಿಡು.”

ಒಂದು ಹೆಜ್ಜೆ. ಎರಡು ಹೆಜ್ಜೆ. ಮೂರು ಹೆಜ್ಜೆ. ನಾಲ್ಕನೆಯದಕ್ಕೆ ಏಳು ಬಾಯೂ ಒಟ್ಟಿಗೆ ಕೂಗಿದವು. ಕುತ್ತಿಗೆಗೊಂದರಂತೆ ಏಳು ಗಾಜಿನ ಬಳೆಗೆ ಮಾತು ನಿಂತಿತು. ಹಸಿರು ನನಗೆ, ಕೆಂಪು ನನಗೆ ಅಂತ ಹೆಡೆಗಳು ಅರ್ಧ ದಿನ ಕಿತ್ತಾಡಿದವು.

“ಎಲ್ಲಿ, ಕೊಸರು?” ಎಂದಳು ಚಿಕ್ಕತಾಯಿ.

“ಕೊಸರು ಅಂದ್ರೆ?”

“ವ್ಯಾಪಾರ ಆದ್ಮೇಲೆ ಮೇಲಿಷ್ಟು ಕೊಡಬೇಕು. ಏಳು ತಲೆ ಇಟ್ಕೊಂಡು ಇಷ್ಟೂ ಗೊತ್ತಿಲ್ವಾ?”

ನಡುವಿನ ಹೆಡೆ ನಾಚಿಕೊಂಡು ಒಂದು ಗುಟ್ಟು ಕೊಟ್ಟಿತು: “ಕಾಳಜಂಘ ತಾನು ಹೇಳಿದ ಬೆಲೆ ತಾನೇ ಎಳ್ಳಷ್ಟು ಇಳಿಸಿದ್ರೂ ಅವನ ಮಾಯೆ ಮುಗೀತು.”

ಹಾವು ಹರಿಯಿತು, ನಾತ ಹೋಯಿತು, ಬೀದಿ ಕನ್ನಡಿಯಂತಾಯಿತು. ಆದರೆ ತಿಂಗಳ ಕೊನೆಯ ದಿನ ಬಂದರೂ ಒಬ್ಬ ಗಿರಾಕಿಯಿಲ್ಲ. ನಗು ಮಾರಿಕೊಂಡವರಿಗೆ ಅಂಗಡಿಯವನ ಹತ್ತಿರ ಮಾತೇ ಬೇಡವಾಗಿತ್ತು. ಹೊಸ ಚಪ್ಪಡಿಯ ಮೇಲೆ ತಲೆ ತಗ್ಗಿಸಿಕೊಂಡು ನಡೆದು ನೇರ ಹೊಳೆಯಾಚೆಗೆ ಹೋಗುತ್ತಿದ್ದರು.

ಚಿಕ್ಕತಾಯಿಯೂ ಹೊಳೆ ದಾಟಿದಳು. ತಾಳೆಮರದಷ್ಟು ಎತ್ತರದ ಕಾಳಜಂಘ ಭರಣಿಗಳ ನಡುವೆ ಕೂತಿದ್ದ.

“ಈ ಭರಣಿಗಳೆಲ್ಲ ಒಟ್ಟಿಗೆ ಏನು ಬೆಲೆ?”

“ನಿನ್ನ ನಗು. ಈಗಿನದು, ಇನ್ನು ಮುಂದಿನದು, ಸಾಯೋ ತನಕದ್ದು. ಒಂದೇ ಮಾತು.”

ಕೊಟ್ಟುಬಿಡಲೇ ಅಂತ ಒಂದು ಗಳಿಗೆ ಅವಳಿಗೆ ಅನ್ನಿಸಿತು. ಊರು ನಗುತ್ತದೆ, ಬೀದಿ ಉಳಿಯುತ್ತದೆ. ಆದರೆ ಅವಳು ವ್ಯಾಪಾರದವಳು. ಒಂದು ಭರಣಿ ಎತ್ತಿ ಅಲ್ಲಾಡಿಸಿದಳು.

“ಇದು ತಳ ಹಿಡಿದಿದೆ. ಇದು ನಮ್ಮ ಎಣ್ಣೆ ಅಂಗಡಿ ಬೈರಣ್ಣಂದು, ಮುಕ್ಕಾಲು ಪಾಲು ಕೆಮ್ಮು. ಇದಕ್ಕೆ ಇಷ್ಟು ಬೆಲೆನಾ?”

“ಎಲ್ಲಾ ಒಂದನೇ ದರ್ಜೆ ನಗು! ಬೇಕಿದ್ರೆ ತಗೋ, ಇಲ್ದಿದ್ರೆ ಬಿಡು.”

“ಬಿಟ್ಟೆ,” ಎಂದು ತಿರುಗಿದಳು.

ಒಂದು ಹೆಜ್ಜೆ. ಎರಡು ಹೆಜ್ಜೆ. ಮೂರು ಹೆಜ್ಜೆ. ನಾಲ್ಕು. ಯಾರೂ ಕರೆಯಲಿಲ್ಲ. ಐದು. ಆರು. ಅವಳ ಕತ್ತು ತಾನಾಗಿ ಹಿಂದಕ್ಕೆ ಎಳೆಯುತ್ತಿತ್ತು. ತಿರುಗಿ ನೋಡಿದರೆ ಮುಗಿಯಿತು, ಚೌಕಾಸಿ ಮಾಡಿದ ಯಾರನ್ನಾದರೂ ಕೇಳಿ. ಅವಳು ನೋಡಲಿಲ್ಲ. ಒಂದು ಕಾಲು ಹೊಸ್ತಿಲಾಚೆ ಇಟ್ಟಳು.

ಆ ಮಹಲಿನಿಂದ ಅವತ್ತಿನವರೆಗೆ ಯಾರೂ ಬರಿಗೈಯಲ್ಲಿ ಹೊರಗೆ ಹೋಗಿರಲಿಲ್ಲ. ಖಾಲಿ ಚೀಲದ ಗಿರಾಕಿಯ ಬೆನ್ನು ಹೇಗಿರುತ್ತದೆ ಅನ್ನುವುದನ್ನು ಕಾಳಜಂಘ ಮೊದಲ ಸಲ ನೋಡಿದ. ಎದ್ದೇ ನಿಂತುಬಿಟ್ಟ.

“ಏ ತಾಯಿ! ಬಾ ಇಲ್ಲಿ! ಕೊನೇ ಮಾತು, ಒಂದೇ ಒಂದು ನಗು ಕಮ್ಮಿ ಕೊಡು!”

ಅಷ್ಟೇ. ಮಹಲು ಸಕ್ಕರೆಯಂತೆ ಪುಡಿಯಾಯಿತು. ಭರಣಿಗಳು ಒಡೆದವು. ನಗುಗಳು ಗುಬ್ಬಿಗಳ ಹಾಗೆ ಹೊಳೆ ದಾಟಿ ಅವರವರ ಬಾಯಿ ಹುಡುಕಿಕೊಂಡು ಹೋದವು. ಅರಮನೆಯಲ್ಲಿ ಗಂಭೀರವಾಗಿ ತೀರ್ಪು ಹೇಳುತ್ತಿದ್ದ ರಾಜ ನಡುವೆಯೇ ಪಕಪಕ ನಕ್ಕು, ಹೇಳಿದ ದಿನ ಅಂತ ನೆನಪಾಗಿ ರಥ ಏರಿದ. ಚಕ್ರ ಸಿಕ್ಕಲಿಲ್ಲ. ನಾತ ಬರಲಿಲ್ಲ. ಜನ ಮಾತ್ರ ಎಷ್ಟು ತುಂಬಿದ್ದರೆಂದರೆ ರಥ ಬೀದಿಯೊಳಕ್ಕೇ ಹೋಗಲಾಗಲಿಲ್ಲ. ರಾಜ ಇಳಿದು, ರಾಣಿಗೆ ಅಂತ ಒಂದು ಡಜನ್ ಬಳೆಗೆ ಚೌಕಾಸಿ ಮಾಡಿ, ಸೋತು, ಚಿಕ್ಕತಾಯಿ ಹೇಳಿದ ಬೆಲೆಗೇ ಕೊಂಡ.

ಕಾಳಜಂಘ ಮೂರಡಿಯ ಮನುಷ್ಯನಾಗಿ ಉಳಿದ. ಪಾಪ ಅಂತ ಅವನಿಗೂ ಬೀದಿಯ ಮೂಲೆಯಲ್ಲಿ ಗುಂಡಿ, ದಾರ ಮಾರಲು ಜಾಗ ಕೊಟ್ಟರು. ಗಿರಾಕಿ ಕೆಮ್ಮಿದರೂ ಬೆಲೆ ಇಳಿಸುತ್ತಾನೆ. ಆ ಬೀದಿಯವರೆಲ್ಲ ಉಂಡುಟ್ಟು, ಜಗಳವಾಡಿ, ನಕ್ಕು, ಚೆನ್ನಾಗಿ ಬಾಳಿದರು.

ಮೊದಲೇ ಆಣೆಯಿಟ್ಟಿದ್ದೇನೆ, ಎಲ್ಲವೂ ನಿಜ. ಒಂದು ಸಣ್ಣ ವಿಷಯ ಮಾತ್ರ ಕತೆ ಓಡಲಿ ಅಂತ ನಾನೇ ಸೇರಿಸಿದ್ದು: ಕೆಲಸ ಹೇಳಿದ ದಿನಕ್ಕೇ ಮುಗಿಯಿತು ಅಂದೆನಲ್ಲ, ಅದು. ಬೀದಿ ಕೆಲಸ ಸ್ವಾಮಿ, ನೀವೂ ಊರಲ್ಲಿ ಇರುವವರು, ನಿಮಗೇ ಗೊತ್ತು. ನಾಲ್ಕು ವರ್ಷ ಹಿಡಿಯಿತು.