ಕಲಾಯಿಯವನ ವಂಶವೃಕ್ಷ

"ಗಾಜು ಇಳಿಸಿ!"

ಬಂದೂಕಿನ ನಳಿಗೆ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಹಿಡಿದವನು ಹಾಯಿಲ್. ಹಿಂದಿನ ದಿನ ಅವನ ತಮ್ಮನ ಕೊಲೆಯಾಗಿತ್ತು.

ಇಳಿಸಿದೆ. ನಮ್ಮ ಕೆರಕ್ ಪಟ್ಟಣದ ಕಡೆಯ ಮಧ್ಯಾಹ್ನದ ಬಿಸಿಲು ಮುಖಕ್ಕೆ ರಾಚಿತು.

"ಸತ್ತಾಮನಮ್ಮ... ಪಿಕಪ್ಪಲ್ಲಿ ಏನಿದೆ?" ನಮ್ಮ ಕಡೆ ಹೆಂಗಸರನ್ನು ಮಗನ ಹೆಸರು ಹಿಡಿದೇ ಕರೆಯುವುದು.

"ಕುರಿ ಮೇವು. ತಿಂತೀಯಾ?"

"ತಮಾಷೆ ಬೇಡ! ಫವ್ವಾಜ್ ನಿಮ್ಮನೆಗೆ ಬಂದಿದ್ನಂತೆ?"

"ನನ್ನ ಮನೆಗೆ ಎಷ್ಟೋ ಜನ ಬರ್ತಾರೆ. ಎಲ್ಲರಿಗೂ ದೊಡ್ಡ ಮನುಷ್ಯನೇ ತಾತ ಆಗ್ಬೇಕು! ಬಾ, ಮೇವು ಕೆದಕು. ಹೆಂಗಸಿನ ಗಾಡಿ ತಡೆದ ಗಂಡು ಅಂತ ನಾಳೆ ಊರೇ ಆಡ್ಕೊಳ್ಳುತ್ತೆ. ಕೆದಕಪ್ಪ!"

ನಳಿಗೆ ಕೊಂಚ ತಗ್ಗಿತು.

ಅಷ್ಟರಲ್ಲಿ ಮೇವು ಸೀನಿತು!

ಆಕ್ಸಿಲರೇಟರ್ ತುಳಿದೆ. ಹಿಂದೆ ಗುಂಡು ಹಾರಿತು. ಕನ್ನಡಿಯಲ್ಲಿ ಎರಡು ಜೀಪು, ಧೂಳು... ಮೇವಿನಡಿಯಿಂದ ಫವ್ವಾಜ್‌ನ ಗೋಳು.

"ಮೇಡಂ... ಇನ್ನೂ ಜೋರಾಗಿ!"

ಈ ಫವ್ವಾಜ್ ಟೈರ್ ಅಂಗಡಿ ಸಾಹುಕಾರ. ನನ್ನ ಕಸುಬು ಜನರ ವಂಶ ಹುಡುಕುವುದು. ಗೋರಿಕಲ್ಲು, ಹಳೆಯ ದಫ್ತರ, ಮುದುಕಿಯರ ನೆನಪು... ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹೋದ ವರ್ಷ ಇವನಿಗೂ ಹೇಳಿದೆ. ನಿಮ್ಮಪ್ಪ ಅವದ್, ಊರೂರು ಅಲೆದು ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು ಅಂತ. ಮುಖ ಊದಿಸಿಕೊಂಡು ಹೋದ. ಇನ್ನೊಬ್ಬನ ಕೈಲಿ, ಈ ಸೀಮೆಯ ದೊಡ್ಡ ಮನೆತನದ ಶೇಖ್ ದಹಾಮ್‌ನ ಮರಿಮಗ ಎಂದು ಬರೆಸಿಕೊಂಡ. ಸಾಕಿದ ಸೋದರತ್ತೆ ಫಿದ್ದಾಳನ್ನು ಮಗಳ ಮದುವೆಯಲ್ಲಿ ಕೆಲಸದವಳೆಂದು ಪರಿಚಯಿಸಿದ! ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈಗ ಆ ಶೇಖ್ ದಹಾಮ್‌ನ ಅಸಲಿ ಮರಿಮಗನೊಬ್ಬ ಹಾಯಿಲ್‌ನ ತಮ್ಮನನ್ನು ಕೊಂದು ಪರಾರಿಯಾಗಿದ್ದ.

ನಮ್ಮ ಕಡೆಯ ಹಳೆಯ ಕಟ್ಟಳೆ ನಿಮಗೆ ಗೊತ್ತಿರಲಿ. ಕೊಲೆಗಾರನಿಗೆ ಐದು ತಲೆಮಾರಿನೊಳಗೆ ನೆಂಟನಾದ ಯಾವ ಗಂಡಸು ಸಿಕ್ಕರೂ ಸರಿ, ಮೊದಲ ಮೂರು ದಿನ ಅವನ ಜೀವಕ್ಕೆ ಗ್ಯಾರಂಟಿ ಇಲ್ಲ. ಅಸಲಿ ನೆಂಟರೆಲ್ಲ ರಾತ್ರೋರಾತ್ರಿ ಊರು ಬಿಟ್ಟಿದ್ದರು. ಉಳಿದವನು ಇವನೊಬ್ಬ. ಹುಡುಕುವುದೇನೂ ಕಷ್ಟವಿರಲಿಲ್ಲ. ಅಂಗಡಿಯ ಕ್ಯಾಲೆಂಡರಿನಲ್ಲೇ ವಂಶವೃಕ್ಷ ಅಚ್ಚು ಹಾಕಿಸಿದ್ದ, ಕೆಳಗೆ ಫೋನ್ ನಂಬರ್!

ಬೆಳಿಗ್ಗೆ ನನ್ನ ಮನೆಗೆ ಓಡಿಬಂದು ಕಾಲು ಹಿಡಿದ; ಎಷ್ಟೇ ಮೈ ಉರಿದರೂ ಸಾಯಲಿ ಅನ್ನಲಾಗುತ್ತದೆಯೇ? ಇವನು ಆ ವಂಶದವನಲ್ಲ ಎಂದು ನಾನು ಹೇಳಿದರೆ ನಡೆಯದು, ಇವನು ನನ್ನ ಗಿರಾಕಿ. ರಕ್ತಸಂಬಂಧಿಯೇ ಪ್ರಮಾಣ ಮಾಡಬೇಕು. ಇದ್ದವಳು ಫಿದ್ದಾ ಒಬ್ಬಳೇ.

ಪಿಕಪ್ ನೇರ ಅವಳ ಅಂಗಳಕ್ಕೆ ನುಗ್ಗಿಸಿದೆ. ಮುದುಕಿ ಗಟ್ಟಿ ಮೊಸರಿನ ಉಂಡೆ ಬಿಸಿಲಿಗೆ ಒಣಹಾಕುತ್ತಿದ್ದಳು. ಬೆನ್ನಿಗೇ ಜೀಪುಗಳು ಬಂದವು. ಹಾಯಿಲ್ ಮೇವು ಕಿತ್ತೆಸೆದು ಫವ್ವಾಜ್‌ನನ್ನು ಕಾಲು ಹಿಡಿದು ಎಳೆದ. ನಳಿಗೆ ಕುತ್ತಿಗೆಗೆ ಬಂತು.

"ಅತ್ತೆ! ಹೇಳತ್ತೆ!"

ಫಿದ್ದಾ ನಿಧಾನವಾಗಿ ಕೈ ಒರೆಸಿಕೊಂಡಳು.

"ಇವತ್ತು ಅತ್ತೆ ಆದೆನೇನೋ? ಮದುವೇಲಿ ಕೆಲಸದವಳಾಗಿದ್ದೆ."

'ಇವನು ಯಾರೋ ಗೊತ್ತಿಲ್ಲ' ಅಂದರೆ ಅಲ್ಲಿಗೆ ಮುಗಿಯಿತು. ಸುಳ್ಳೇಕೆ... ಹಾಗೇ ಅಂದುಬಿಡಲಿ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

"ದೇವರಾಣೆ, ಇವನು ನಮ್ಮಣ್ಣ ಅವದ್‌ನ ಮಗ," ಅಂದಳು ಮುದುಕಿ. "ಹಾಯಿಲ್, ನಿಮ್ಮ ಬಾವಿ ಹತ್ರ ಕೂತು ಕಲಾಯಿ ಹಾಕ್ತಿದ್ನಲ್ಲಪ್ಪ... ನಿಮ್ಮಮ್ಮ ಮಜ್ಜಿಗೆ ಕೊಡ್ತಿದ್ಲು."

ಹಾಯಿಲ್ ಹುಬ್ಬು ಗಂಟಿಕ್ಕಿದ.

"ಕಲಾಯಿ ಅವದ್? ನಮಗೆಲ್ಲ ತಗಡಿನ ಪೀಪಿ ಮಾಡ್ಕೊಡ್ತಿದ್ನಲ್ಲ... ಅವನ ಮಗನಾ ಇವನು?"

"ಅವನ ಮಗನೇ."

"ಥೂ! ನನ್ನ ತಮ್ಮ ಹುಲಿ ಹಂಗಿದ್ದ. ಅವನ ಬದಲಿಗೆ ಇದನ್ನ ಹೊಡೆದ್ರೆ ಊರು ನಗುತ್ತೆ!"

ಬಂದೂಕು ಇಳಿಯಿತು. ಆದರೆ ಫವ್ವಾಜ್‌ನ ಕಿವಿ ಕೆಂಪಾಯಿತು ನೋಡಿ!

"ಏನ್ರೀ ಹಂಗಂದ್ರೆ? ನನಗೂ ಒಂದು ಅಂತಸ್ತು..."

ಫಿದ್ದಾ ಅವನ ಬಾಯಿಗೇ ಬಾರಿಸಿದಳು.

"ಮುಚ್ಚೋ!"

ಹಾಯಿಲ್ ಬಂದೂಕು ಮತ್ತೆ ಎತ್ತಿದ. "ನೀನೇ ಹೇಳು. ಯಾರ ಮಗ ನೀನು?"

ಫವ್ವಾಜ್ ನೆಲ ನೋಡಿದ.

"ಕಲಾಯಿ... ಅವದ್‌ನ ಮಗ."

ಜೀಪುಗಳು ಹೊರಟುಹೋದವು. ಫಿದ್ದಾ ಅವನ ತಲೆಯ ಮೇಲಿನ ಹುಲ್ಲುಕಡ್ಡಿ ತೆಗೆಯುತ್ತ ಬಿಕ್ಕಿಬಿಕ್ಕಿ ಅತ್ತಳು. "ಇವತ್ತಾದ್ರೂ ನಿಮ್ಮಪ್ಪನ ಹೆಸರು ಬಾಯಿಗೆ ಬಂತಲ್ಲೋ..." ಎಂದಳು. ಆ ವಂಶದಲ್ಲಿ ನೆಟ್ಟಗೆ ದುಡಿದು ತಿಂದವರು ಅವಳು, ಅವಳಣ್ಣ, ಇಬ್ಬರೇ.

ವಾಪಸು ಬರುವಾಗ ಸಾಹುಕಾರ ಮುಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಕೋಟು ಕೊಡವಿದ. ಕೆಮ್ಮಿದ.

"ಮೇಡಂ... ಒಂದು ವಿಷಯ."

"ಏನು?"

"ಐದು ತಲೆಮಾರಿನೊಳಗಿದ್ರೆ ತಾನೇ ಅಪಾಯ? ಶೇಖ್ ದಹಾಮ್‌ಗೆ... ಆರನೇ ತಲೆಮಾರಿನ ನೆಂಟ ಅಂತ ಬರೀಬಹುದಾ?"

ಬ್ರೇಕ್ ಹಾಕಿ ಅಲ್ಲೇ ಇಳಿಸಿದೆ. ಊರು ಇನ್ನೂ ಇಪ್ಪತ್ತು ಕಿಲೋಮೀಟರ್ ಇತ್ತು... ದೊಡ್ಡ ಮನೆತನದವರು, ನಡೆದೇ ಹೋಗಲಿ!