ಬೂಟು ಕಚ್ಚಿದ ಗಾಯ

"ಈ ಕಾಲಿಗೆ ಇವತ್ತು ಬೂಟು ಬೇಡ," ಎಂದು ತಾಯಿ ಅಡುಗೆಮನೆಯ ನೆಲದಲ್ಲಿ ಕುಳಿತು ಮಗಳ ಹಿಮ್ಮಡಿಗೆ ಬಟ್ಟೆ ಸುತ್ತಿದಳು. ಹೊಸ ಬೂಟು ಕಚ್ಚಿ ಎದ್ದಿದ್ದ ಗುಳ್ಳೆ ಒಡೆದು ಕೀವಾಗಿತ್ತು. ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆಯಿದ್ದ ಹುಡುಗಿ; ಕಾಲಿನ ಗಾಯವನ್ನು ಕಡೆಗಣಿಸಬೇಡಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಹಾಗಾಗಿ ಮಗಳು ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೊರಟಳು.

ಅದು ದೇವರ ಹೆಸರಿನಲ್ಲಿ ನಡೆಯುತ್ತಿದ್ದ ಪ್ರೌಢಶಾಲೆ. ಮೊಣಕಾಲು ಮುಚ್ಚುವ ಲಂಗ, ಬಿಗಿಯಾದ ಎರಡು ಜಡೆ, ಕಪ್ಪು ಬೂಟು. ಕೂದಲೆಳೆಯಷ್ಟು ತಪ್ಪಿದರೂ ಗೇಟಿನಿಂದಲೇ ವಾಪಸು. ಹಾಗೆ ಕಳಿಸುತ್ತಿದ್ದವನು ಅವಳ ಅಪ್ಪನೇ. ಶಿಸ್ತಿನ ಮಾಸ್ತರು ಬಂದರೆ ಗಾಳಿಯೂ ಸಾಲಾಗಿ ಬೀಸುತ್ತದೆ ಎಂದು ಮಕ್ಕಳು ನಗೆಯಾಡುತ್ತಿದ್ದರು. ಅವನ ತಾಯಿಗಂತೂ ಮಗನೆಂದರೆ ಹೆಮ್ಮೆಯೋ ಹೆಮ್ಮೆ.

ಅಂದು ಗೇಟಿನ ಬಳಿ ಒಬ್ಬ ಹೆಂಗಸು ಜಗಳಕ್ಕೆ ನಿಂತಿದ್ದಳು. ಲಂಗ ಗಿಡ್ಡವಾಯಿತೆಂದು ಅವಳ ಮಗಳನ್ನು ಹಿಂದಿನ ದಿನ ಮನೆಗಟ್ಟಿದ್ದರು. ಮಾಸ್ತರ ಮಗಳ ಪಾದ ಅವಳ ಕಣ್ಣಿಗೆ ಬಿತ್ತು. ನಿಮ್ಮ ಮನೆ ಮಕ್ಕಳಿಗೆ ಬೇರೆ ದೇವರಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಮಾಸ್ತರ ಮುಖ ಕೆಂಡವಾಯಿತು. ಒಳಗಿನಿಂದ ಒಂದು ಜೊತೆ ಹಳೆಯ ಬೂಟು ತಂದು ಮಗಳ ಮುಂದಿಟ್ಟ.

"ಹಾಕ್ಕೋ."

"ಅಪ್ಪ, ಗಾಯ..."

"ಇಲ್ಲಿ ನಾನು ಯಾರ ಅಪ್ಪನೂ ಅಲ್ಲ."

ಅವಳು ಹಾಕಿಕೊಂಡಳು. ಪ್ರಾರ್ಥನೆಯುದ್ದಕ್ಕೂ ನೆಟ್ಟಗೆ ನಿಂತಳು. ಸಂಜೆ ತಾಯಿ ಬೂಟು ಬಿಚ್ಚಿದಾಗ ಕಾಲುಚೀಲದೊಂದಿಗೆ ಚರ್ಮವೂ ಕಿತ್ತುಬಂತು. ಅಜ್ಜಿ, ದೇವರು ಪರೀಕ್ಷೆ ಮಾಡ್ತಿದ್ದಾನೆ, ಎರಡು ದಿನ ನೋಡೋಣ ಅಂದಳು. ಮಾಸ್ತರು ತನ್ನ ತಾಯಿಯ ಮಾತು ಮೀರಲಿಲ್ಲ. ಆಸ್ಪತ್ರೆ ಸೇರುವಷ್ಟರಲ್ಲಿ ನಂಜು ಏರಿತ್ತು. ಜೀವ ಉಳಿಸಲು ಪಾದವನ್ನೇ ತೆಗೆಯಬೇಕಾಯಿತು.

ಮುಖ್ಯೋಪಾಧ್ಯಾಯಿನಿ ಹಣ್ಣು ಹಿಡಿದು ನೋಡಲು ಬಂದರು. ಸ್ವಂತ ಮಗಳೆಂದೂ ನೋಡದ ಮಾಸ್ತರ ನಿಷ್ಠೆಯನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆಲ್ಲ ಹೇಳಿದೆನೆಂದರು. ತಾಯಿ ಎದ್ದು ಹೊರಗೆ ಹೋದಳು. ಮನೆಗೆ ಮರಳಿದ ಮೇಲೆ ಅವಳು ಗಂಡನಿಗೆ ಊಟ ಬಡಿಸುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ಅಜ್ಜಿ ಮೊಮ್ಮಗಳ ಕೋಣೆಯ ಹೊಸ್ತಿಲವರೆಗೆ ಬಂದು ಹಿಂದಿರುಗುತ್ತಿದ್ದಳು.

ಕೊನೆಗೊಂದು ಸಂಜೆ ಅಪ್ಪ ಮಗಳ ಮಂಚದ ತುದಿಯಲ್ಲಿ ಕುಳಿತ.

"ಒಂದ್ಸಲ ಬೈದುಬಿಡು ಮಗಳೇ... ಕೈಮುಗೀತೀನಿ."

ಮಲಗಿದ್ದವಳು ಗಡಬಡಿಸಿ ಎದ್ದು ಕುಳಿತಳು. ಬೆನ್ನು ನೆಟ್ಟಗೆ ಮಾಡಿದಳು, ಲಂಗವನ್ನು ಮೊಣಕಾಲು ಮುಚ್ಚುವಂತೆ ಎಳೆದು ಸರಿಪಡಿಸಿದಳು, ಕಣ್ಣು ತಗ್ಗಿಸಿದಳು.

"ದೊಡ್ಡವರಿಗೆ ಹಾಗೆಲ್ಲ ಅನ್ನಬಾರದಲ್ವಾ?"

ಆ ದನಿಯಲ್ಲಿ ಎಲ್ಲಾದರೂ ಕೊಂಕು ಇದೆಯೇ, ಒಂದು ಹನಿಯಾದರೂ ಸಿಟ್ಟು ಇದೆಯೇ ಎಂದು ಅವನು ಹುಡುಕಿದ. ಏನೂ ಇರಲಿಲ್ಲ. ಅವಳು ನಿಜವಾಗಿಯೂ ಹೆದರಿದ್ದಳು... ತಾಯಿ ಔಷಧಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ಎದ್ದು ದಾರಿ ಬಿಟ್ಟ. ಅವನು ಹೊರಗೆ ಹೋಗುವವರೆಗೂ ಹುಡುಗಿ ಬೆನ್ನು ಬಾಗಿಸಲಿಲ್ಲ.