ಮೂರು ಮುಚ್ಚಳ ಪರಿಮಳ

ಮೆಕ್ಯಾನಿಕ್ ಬಂದು ನೋಡುವುದಕ್ಕೇ ಮುನ್ನೂರು. ಬಾಗಿಲಿನ ರಬ್ಬರ್ ಬದಲಾಯಿಸಿದರೆ ಎರಡು ಸಾವಿರ. ಹೊಸ ವಾಷಿಂಗ್ ಮೆಷಿನ್ ಎಂದರೆ ಅವಳ ಐದು ತಿಂಗಳ ದುಡಿಮೆ.

ಶಿಶುವಿಹಾರದ ಹೊದಿಕೆಗಳನ್ನು ಮನೆಯಲ್ಲೇ ಒಗೆದುಕೊಟ್ಟು ಅವಳೂ ಅಮ್ಮನೂ ಬದುಕುತ್ತಿದ್ದರು. ಈಗ ಒಗೆದ ಹೊದಿಕೆಗಳೇ ಮುಗ್ಗಲು ನಾರುತ್ತಿದ್ದವು! ಶನಿವಾರದೊಳಗೆ ವಾಸನೆ ಹೋಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಅಲ್ಲಿನ ಮೇಡಂ ಹೇಳಿಬಿಟ್ಟಿದ್ದರು.

ಮೆಕ್ಯಾನಿಕ್ ಮೆಷಿನ್ನಿನೊಳಗೆ ತಲೆ ತೂರಿಸಿ ಮೂಸಿದ.

“ಮೆಷಿನ್ ಚೆನ್ನಾಗೇ ಇದೆ. ತಪ್ಪು ನಿಮ್ಮದು.”

ಅವಳ ಕಿವಿ ಬಿಸಿಯಾಯಿತು. “ಅಂದ್ರೆ ನಾನು ಗಲೀಜು ಅಂತಾನಾ?”

ಅವನು ರಬ್ಬರಿನ ಮಡಿಕೆ ಬಿಡಿಸಿ ತೋರಿಸಿದ. ಒಳಗೆ ಕಪ್ಪು ಲೋಳೆ...

“ಪರಿಮಳದ ದ್ರವ ಎಷ್ಟು ಹಾಕ್ತೀರಿ?”

“ಮೂರು ಮುಚ್ಚಳ. ವಾಸನೆ ಬರ್ತಿತ್ತಲ್ಲ, ಶನಿವಾರದೊಳಗೆ ಹೋಗದಿದ್ರೆ ಶಿಶುವಿಹಾರದ ಕೆಲಸ ಹೋಗುತ್ತೆ, ಅದಕ್ಕೇ...”

“ಒಂದೇ ಸಾಕಿತ್ತು. ಮಿಕ್ಕಿದ್ದು ಇಲ್ಲೇ ಕೂತು ಕೊಳೀತಿದೆ. ಮೇಲಿಂದ ಬಾಗಿಲು ಬೇರೆ ಬಿಗಿಯಾಗಿ ಮುಚ್ಚಿಡ್ತೀರಿ!”

ಬೈದವನೇ ಮಂಡಿಯೂರಿ ಲೋಳೆ ಒರೆಸಿದ. ಕೆಳಗಿನ ಜಾಲರಿ ತೊಳೆದ. ಬಟ್ಟೆ ಹಾಕದೆ ಬರೀ ಬಿಸಿನೀರಿನಲ್ಲಿ ಎರಡು ಸಲ ಓಡಿಸಿ, ಆಮೇಲೆ ಬಾಗಿಲು ತೆರೆದೇ ಇಡಿ ಎಂದ. ರಬ್ಬರ್ ಬದಲಾಯಿಸುವ ಮಾತೇ ಎತ್ತಲಿಲ್ಲ.

‘ಮಾತು ಒರಟು... ಮನುಷ್ಯ ಒರಟಲ್ಲ’ ಎಂದುಕೊಂಡಳು. ಎರಡು ದಿನ ಅದನ್ನೇ ಅಂದುಕೊಂಡಳು.

ಶುಕ್ರವಾರ ಮೇಡಂ ಫೋನ್ ಮಾಡಿದರು. “ಇಲ್ಲಿ ಫ್ರಿಜ್ ರಿಪೇರಿಗೆ ಬಂದಿದ್ದ ನಿನ್ನ ಮೆಕ್ಯಾನಿಕ್ಕೇ ಹೇಳಿದ, ತಪ್ಪು ನಿನ್ನದೇ ಅಂತೆ. ನಾಳೆಯಿಂದ ಬೇಡಮ್ಮ.”

ಅವಳು ಫೋನ್ ಕುಕ್ಕಿದಳು.

ಸಂಜೆ ಅವನೇ ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದ.

“ನನ್ನ ಹೊಟ್ಟೆ ಮೇಲೆ ಹೊಡೆದು, ಈಗ ಬಟ್ಟೆ ಒಗೆಸೋಕೆ ಬಂದ್ರಾ?”

ಅವನ ಮುಖ ಕಪ್ಪಿಟ್ಟಿತು. “ತಪ್ಪು ಗೊತ್ತಾಗಿದೆ, ಈಗ ಸರಿಯಾಗಿದೆ, ಒಂದು ವಾರ ಕೊಡಿ ಅಂತ ಮೇಡಂ ಹತ್ರ ಕೇಳಿದ್ದೆ. ಅವರು ಮೊದಲ ಮಾತಷ್ಟೇ ಹಿಡ್ಕೊಂಡ್ರು. ಆದ್ರೂ ಬಾಯಿಬಿಟ್ಟವನು ನಾನೇ... ಕ್ಷಮಿಸಿ.”

“ಜಗಳ ಆಡೋದಾದ್ರೆ ಒಳಗೆ ಬಂದು ಆಡಿ!” ಅಮ್ಮ ಕೂಗಿದರು. “ಬೀದಿಯವರಿಗೆ ಯಾಕೆ ಪುಕ್ಕಟೆ ತಮಾಷೆ?”

ಅವಳು ಗಂಟು ಕಿತ್ತುಕೊಂಡಳು. ಕಸುಬಿನ ಅಭ್ಯಾಸ, ಒಂದು ಅಂಗಿ ಎತ್ತಿ ಮೂಸಿದಳು. ಸೋಪು... ಬಿಸಿಲು...

“ಇದು ಒಗೆದಿರೋ ಬಟ್ಟೆ!”

“ಹೂಂ.”

“ಮತ್ತೆ ಯಾಕೆ ತಂದ್ರಿ?”

ಅವನು ನೆಲ ನೋಡಿದ. “ನಿಮ್ಮ ಮೆಷಿನ್ ಸರಿಹೋಯ್ತಲ್ಲ. ಬರೋಕೆ ಇನ್ನೇನು ನೆಪ ಇದೆ ನಂಗೆ?”

ಸಿಟ್ಟು ಎಲ್ಲಿಗೆ ಹೋಯಿತೋ, ಅವಳಿಗೇ ತಿಳಿಯಲಿಲ್ಲ.

“ನೆಪ ಇಲ್ದೆ ಬರೋಕಾಗಲ್ವಾ?”

“ಬಂದ್ರೆ... ಹೋಗು ಅನ್ನಲ್ಲ ತಾನೇ?”

“ಅನ್ನಲ್ಲ.”

ಶಿಶುವಿಹಾರದ ಕೆಲಸ ಮತ್ತೆ ಸಿಗಲಿಲ್ಲ. ಅವನು ಸಿಕ್ಕಿದ.